ಗೂಡು ಕಾಯೋದಿಲ್ಲ: ಶಿಡ್ಲಘಟ್ಟದ ರೀಲರ್ ಒಬ್ಬನ ಅನುಭವ

ರೇಷ್ಮೆ ನೂಲು ಬಿಚ್ಚುವ ಕಸುಬಿನಲ್ಲಿ ಲಾಭ ನಷ್ಟಕ್ಕಿಂತ ಮೊದಲು ಕಲಿಯಬೇಕಾದ್ದು ದುಡ್ಡಿನ ಹೊತ್ತುಗೊತ್ತು. ಗೂಡಿನ ಹಣ ರೈತನಿಗೆ ಕೂಡಲೇ ಸಲ್ಲಬೇಕು. ಆ ಗೂಡು ಬೆಂದು, ನೂಲಾಗಿ, ಮಾರಾಟವಾಗಿ, ದುಡ್ಡು ನಮ್ಮ ಕೈಗೆ ಬರುವುದು ಯಾವಾಗಲೋ. ನಡುವಿನ ಆ ದಿನಗಳನ್ನು ಹೇಗೆ ದಾಟುತ್ತೀರಿ ಅನ್ನುವುದರ ಮೇಲೆ ನೂಲು ಬಿಚ್ಚುವವನ, ಅಂದರೆ ರೀಲರ್‌ನ ಬದುಕು ನಿಂತಿದೆ. ಶಿಡ್ಲಘಟ್ಟದಲ್ಲಿ ಫಿಲೇಚರ್, ಅಂದರೆ ನೂಲು ಬಿಚ್ಚುವ ಘಟಕ ನಡೆಸುತ್ತಾ, ಆಮೇಲೆ ನಮ್ಮ ರೀಲರ್‌ಗಳ ಸಂಘದ ಹೊಣೆಯನ್ನೂ ಹೊತ್ತು ನಾನು ಮಾಡಿದ ಕೆಲಸವೆಲ್ಲ ಸುತ್ತಿ ಬಳಸಿ ಇದಕ್ಕೇ ಸಂಬಂಧಪಟ್ಟದ್ದು.

ಗೂಡಿನೊಳಗೆ ಜೀವ ಇದೆ. ಹುಳ ಚಂದ್ರಿಕೆ ಅನ್ನುವ ಬಿದಿರಿನ ತಟ್ಟೆಯಲ್ಲಿ ಗೂಡು ಕಟ್ಟಿದ ಐದಾರು ದಿನಕ್ಕೆ ರೈತ ಬಿಡಿಸಿ ಮಾರುಕಟ್ಟೆಗೆ ತರುತ್ತಾನೆ. ಇನ್ನೊಂದು ವಾರ ಬಿಟ್ಟರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಉದ್ದದ ಎಳೆ ತೆಗೆಯಲಾಗದು. ಬಿಸಿಗಾಳಿ ಕೊಟ್ಟು ಒಣಗಿಸಿ ಇಟ್ಟುಕೊಳ್ಳಬಹುದು, ಅದಕ್ಕೆ ಯಂತ್ರ ಬೇಕು, ಜಾಗ ಬೇಕು, ಬಂಡವಾಳ ಬೇಕು. ಸಣ್ಣ ರೀಲರ್ ಹತ್ತಿರ ಮೂರೂ ಇರುವುದಿಲ್ಲ. ಹಾಗಾಗಿ ರೈತನೂ ಕಾಯಲಾರ, ನಾವೂ ಕಾಯಲಾರೆವು. ನೂಲು ಮಾತ್ರ ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ. ಅದು ಗೊತ್ತಿರುವುದರಿಂದಲೇ ಕೊಳ್ಳುವವರು ನಮ್ಮನ್ನು ಕಾಯಿಸುತ್ತಾರೆ.

ಗೂಡು, ನೂಲಿನ ವ್ಯಾಪಾರ ನಿಯಂತ್ರಿಸುವ ರಾಜ್ಯದ 1959ರ ಕಾಯ್ದೆ ಬಂದ ಮೇಲೆ ಗೂಡಿನ ವ್ಯಾಪಾರ ಸರ್ಕಾರಿ ಮಾರುಕಟ್ಟೆಯ ಹರಾಜಿಗೆ ಬಂತು. ಹರಾಜಿಗೆ ಮುಂಚೆ ಲಾಟು, ಅಂದರೆ ರೈತ ತಂದ ಗೂಡಿನ ರಾಶಿ, ನೋಡುವ ಹೊತ್ತು ತೀರಾ ಕಡಿಮೆ. ನಾನು ಮೇಲಿನ ಗೂಡು ನೋಡುವುದೇ ಇಲ್ಲ, ಕೈ ತಳಕ್ಕೆ ಇಳಿಸಿ ಒಂದು ಹಿಡಿ ತೆಗೆಯುತ್ತೇನೆ. ಹೆಬ್ಬೆರಳಿನಲ್ಲಿ ಒತ್ತಿದರೆ ಗೂಡು ಗಟ್ಟಿಯಾಗಿ ಎದುರು ನಿಲ್ಲಬೇಕು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಹುಳ ಕಟಕಟ ಅನ್ನಬೇಕು. ಸದ್ದು ಬರದಿದ್ದರೆ ಒಂದೋ ಹುಳ ಇನ್ನೂ ಎಳೆಯದು, ಇಲ್ಲವೇ ಒಳಗೇ ಸತ್ತು ಗೋಡೆಗೆ ಅಂಟಿದೆ. ಅಂಥದ್ದು ಬಿಸಿನೀರಿಗೆ ಬಿದ್ದರೆ ಪಕ್ಕದ ಗೂಡಿಗೂ ಕಲೆ ಹತ್ತುತ್ತದೆ. ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು ಎಷ್ಟಿವೆ ಎಂದೂ ಅಂದಾಜು ಮಾಡಬೇಕು, ಅವುಗಳ ಎಳೆ ಸಿಕ್ಕು ಸಿಕ್ಕು. ಇಷ್ಟನ್ನೂ ಒಂದು ಹಿಡಿ ಗೂಡಿನಲ್ಲಿ ತೂಗಿ ನೋಡಿ ಬೆಲೆ ಹೇಳಬೇಕು.

ಯಾಕೆ ಇಷ್ಟು ಎಚ್ಚರ ಅಂದರೆ ಲೆಕ್ಕ ಬಹಳ ಬಿಗಿ. ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕು ಅನ್ನುವುದಕ್ಕೆ ನಮ್ಮಲ್ಲಿ ರೆಂಡಿಟ್ಟಾ ಅನ್ನುತ್ತೇವೆ. ವರ್ಷಕ್ಕೆ ಎರಡು ಪೀಳಿಗೆಯ ಬೈವೋಲ್ಟಿನ್ ತಳಿಯ ಒಳ್ಳೆಯ ಗೂಡಾದರೆ ಆರು ಆರೂವರೆ, ಮಿಶ್ರತಳಿಯಾದರೆ ಏಳರ ಮೇಲೆ. 50 ಕೆ.ಜಿ. ಲಾಟಿಗೆ ಏಳು ಬರುತ್ತದೆ ಅಂತ ಬೆಲೆ ಕಟ್ಟಿ ಏಳೂವರೆ ಬಂದರೆ, ಸುಮಾರು 475 ಗ್ರಾಂ ನೂಲು ಕಡಿಮೆ. ನೂಲಿನ ಬೆಲೆ ಕೆ.ಜಿ.ಗೆ 4,000 ಅಂತ ಇಟ್ಟುಕೊಂಡರೆ ಒಂದೇ ಲಾಟಿನಲ್ಲಿ ಸುಮಾರು 1,900 ರೂಪಾಯಿ ಹೋಯಿತು. ಎಷ್ಟೋ ಸಲ ಆ ದಿನದ ದುಡಿಮೆಯೇ ಅಷ್ಟಿರುವುದಿಲ್ಲ.

ನಾನು ಕಸುಬಿಗೆ ಬಂದಾಗ ನಮ್ಮದು ಕೈಯಲ್ಲಿ ತಿರುಗಿಸುವ ಚರಕ. ತಗ್ಗು ಚಾವಣಿ, ಸೌದೆ ಒಲೆ, ಹೊಗೆ, ಕುದಿಯುವ ನೀರು. ಗೂಡು ಬೇಯಿಸುವುದೂ ಎಳೆ ಹಿಡಿಯುವುದೂ ಒಂದೇ ಪಾತ್ರೆಯಲ್ಲಿ. ಹೆಂಗಸರ ಬೆರಳ ತುದಿ ಬೆಳ್ಳಗೆ ಸುಲಿದು, ಸಂಜೆ ಅನ್ನ ಕಲಸುವಾಗ ಉಪ್ಪು ಖಾರ ತಾಗಿದರೆ ಉರಿ. ಆಮೇಲೆ ರೇಷ್ಮೆ ಇಲಾಖೆಯ ಸಹಾಯಧನದಲ್ಲಿ, ಒಂದೇ ತೊಟ್ಟಿಯಿಂದ ಹಲವು ನೂಲು ಒಟ್ಟಿಗೆ ತೆಗೆಯುವ ಮಲ್ಟಿಎಂಡ್ ಬೇಸಿನ್ ಹಾಕಿದೆ. ಅದರಲ್ಲಿ ಬೇಯಿಸುವ ಜಾಗ ಬೇರೆ, ನೂಲು ಬಿಚ್ಚುವ ತೊಟ್ಟಿಯ ನೀರು ಕೈ ತಡೆಯುವಷ್ಟೇ ಬಿಸಿ. ಏಳೆಂಟು ಗೂಡಿನ ಎಳೆ ಒಂದಾಗಿ ಹೊರಟು 20/22 ಡೆನಿಯರ್ ನೂಲು ಬರುತ್ತದೆ. 9,000 ಮೀಟರ್ ನೂಲು ತೂಗಿದರೆ 20ರಿಂದ 22 ಗ್ರಾಂ. ಅಷ್ಟು ಸಣ್ಣ ಎಳೆಯಲ್ಲಿ ಒಂದು ಗೂಡು ಮುಗಿದದ್ದನ್ನು ಕಣ್ಣಲ್ಲೇ ಹಿಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದರ ಎಳೆ ಎಸೆದು ಸೇರಿಸುವ ಹೆಂಗಸರು ನಮ್ಮೂರಿನಲ್ಲಿದ್ದಾರೆ. ಕಾಂಚೀಪುರ, ಧರ್ಮಾವರಂ ಸೀರೆಯ ಹೊಳಪಿನಲ್ಲಿ ಈ ಕೈಗಳ ಪಾಲು ದೊಡ್ಡದು, ಹೊರಗೆ ಯಾರಿಗೂ ಗೊತ್ತಿಲ್ಲ ಅನ್ನುವುದು ನನಗೆ ಇವತ್ತಿಗೂ ನೋವು.

2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿಯಿತು. ಚೀನಾ ನೂಲು ಅಗ್ಗವಾಯಿತು, ನಮ್ಮ ನೂಲು ಕಪಾಟಿನಲ್ಲಿ ಕೂತಿತು. ಗೂಡಿನ ಬೆಲೆ ನೆಲ ಕಚ್ಚಿತು. ಹಿಪ್ಪುನೇರಳೆ ತೋಟ ಕಿತ್ತು ಹಾಕಿದವರನ್ನು ನೋಡಿದೆ. ಸಂಘದಲ್ಲಿ ಕೆಲವರು ಸುಂಕ ಏರಿಸುವವರೆಗೂ ಹರಾಜಿಗೆ ಹೋಗುವುದೇ ಬೇಡ ಎಂದು ಪಟ್ಟು ಹಿಡಿದರು. ಅವರ ಕಷ್ಟವೂ ಸುಳ್ಳಲ್ಲ. ಆ ವಾರ ಮಾರುಕಟ್ಟೆಯಲ್ಲಿ ಚಿಂತಾಮಣಿ ಕಡೆಯ ರೈತರೊಬ್ಬರು ನನ್ನ ತೋಳು ಹಿಡಿದು ಕೇಳಿದರು: “ಭಾಯ್, ನೀವೆಲ್ಲ ಬಿಡ್ ಕೂಗ್ದೇ ಇದ್ರೆ ಈ ಗೂಡ್ನ ನಾನೆಲ್ಲಿ ಹೊತ್ಕೊಂಡು ಹೋಗ್ಲಿ? ನಾಳಿದ್ದು ಚಿಟ್ಟೆ ಹಾರೋಗ್ತದೆ.” ಸಭೆಯಲ್ಲಿ ನಾನು ಹೇಳಿದ್ದು ಅದನ್ನೇ. ದೆಹಲಿಯಲ್ಲಿ ಕೂತವರ ಮೇಲಿನ ಸಿಟ್ಟಿಗೆ ರೈತನ ಗೂಡು ಕೊಳೆಸಬಾರದು. ಬೇಸಿನ್ ಕಡಿಮೆ ಮಾಡೋಣ, ಹರಾಜು ನಿಲ್ಲಿಸುವುದು ಬೇಡ, ಮನವಿ ಕೊಡಲು ರೈತರ ಜೊತೆಗೇ ಹೋಗೋಣ. ರಾತ್ರಿ ತುಂಬ ಹೊತ್ತು ಜಗಳವಾಗಿ ಕೊನೆಗೆ ಒಪ್ಪಿದರು. 2013ರಲ್ಲಿ ಸುಂಕ ಶೇ. 15ಕ್ಕೆ ಏರಿತು. ಅಷ್ಟರಲ್ಲಿ ಎಷ್ಟೋ ಚರಕಗಳು ನಿಂತು ಹೋಗಿದ್ದವು.

ಆ ಕಾಲದಲ್ಲೇ ಕೈಗಡದ ನಿಧಿ ಶುರು ಮಾಡಿದೆವು. ಅನುಕೂಲ ಇದ್ದವರು ಕೈಲಾದಷ್ಟು ಹಾಕಿದರು. ನೂಲಿನ ದುಡ್ಡು ತಡವಾದವನಿಗೆ ಅವತ್ತಿನ ಗೂಡಿನ ಹಣ ಅದರಿಂದ ಹೋಗುತ್ತದೆ, ಬಡ್ಡಿ ಇಲ್ಲ. ನೂಲು ಮಾರಿದ ದಿನವೇ ವಾಪಸು ಕಟ್ಟಬೇಕು. ಕಟ್ಟದಿದ್ದರೆ ಮುಂದಿನ ಸಲ ಇಲ್ಲ, ಅದು ನನ್ನ ಸ್ವಂತ ತಮ್ಮನೇ ಆಗಲಿ. ದೊಡ್ಡ ಮೊತ್ತ ಯಾವತ್ತೂ ಇರಲಿಲ್ಲ. ಆದರೂ ಹರಾಜಿನಲ್ಲಿ ಕೂಗಿದ ಬೆಲೆಯನ್ನು ಆಮೇಲೆ ಎಳೆದಾಡಿ ಇಳಿಸುವ ಚಾಳಿ ಕಡಿಮೆಯಾಯಿತು. ಕೈಯಲ್ಲಿ ಕಾಸಿಲ್ಲದವನೇ ಹೆಚ್ಚಾಗಿ ಹಾಗೆ ಎಳೆದಾಡುವುದು.

ಇನ್ನೊಂದು ಜಗಳ ಮುಂಗಡದ್ದು. ಮದುವೆಗೋ ಕಾಯಿಲೆಗೋ ಮುಂಗಡ ಕೊಟ್ಟು, ತೀರುವವರೆಗೂ ಆ ಮನೆಯವರು ನಮ್ಮಲ್ಲೇ ದುಡಿಯಬೇಕು ಅನ್ನುವ ಪದ್ಧತಿ ಊರಿನಲ್ಲಿ ಬೇರುಬಿಟ್ಟಿತ್ತು. ಸಾಲ ತೀರಲಿ ಎಂದು ಮಕ್ಕಳನ್ನೂ ಕಳಿಸುತ್ತಿದ್ದರು. ನನ್ನ ಫಿಲೇಚರ್‌ನಲ್ಲಿ ಮುಂಗಡವನ್ನು ಕೆಲಸಕ್ಕೆ ಕಟ್ಟಿಹಾಕುವುದನ್ನು ನಿಲ್ಲಿಸಿದೆ. ವಾರದ ಕೂಲಿ ವಾರಕ್ಕೆ, ಕಷ್ಟಕ್ಕೆ ಕೊಟ್ಟ ಸಾಲದ ಲೆಕ್ಕ ಬೇರೆ ಪುಸ್ತಕದಲ್ಲಿ, ಬೇರೆ ಕಡೆ ಕೆಲಸಕ್ಕೆ ಹೋದರೂ ಕಂತಿನಲ್ಲಿ ತೀರಿಸಬಹುದು. ಮಕ್ಕಳನ್ನು ಒಳಗೆ ಬಿಡುವುದಿಲ್ಲ. “ಹೀಗಾದ್ರೆ ಆಳು ನಿಲ್ಲಲ್ಲ ಭಾಯ್” ಎಂದು ಕಸುಬಿನವರೇ ಹೆದರಿಸಿದರು. ನಿಂತರು. ಒಬ್ಬ ತಾಯಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಶಾಲೆಗೆ ಬಿಟ್ಟೇ ಬೇಸಿನ್‌ಗೆ ಬರುತ್ತಿದ್ದಳು. ದೊಡ್ಡವಳು ಈಗ ನರ್ಸ್.

ನಾಯಕ ಅನ್ನಿಸಿಕೊಂಡ ಮೇಲೆ ಬೀದಿಯ ಕೆಲಸವೂ ಬಾಗಿಲಿಗೆ ಬರುತ್ತದೆ. ನೂಲು ಬಿಚ್ಚಿದ ಮೇಲೆ ಉಳಿಯುವ ಹುಳದ ವಾಸನೆ ಬಗ್ಗೆ ಅಕ್ಕಪಕ್ಕದವರ ದೂರು ನ್ಯಾಯವಾದದ್ದೇ. ಆ ಹುಳವನ್ನು ಎಣ್ಣೆಗೆ, ಮೀನಿನ ಮೇವಿಗೆ ಕೊಳ್ಳುವವರಿದ್ದಾರೆ, ಆದರೆ ಒಬ್ಬೊಬ್ಬರ ಸರಕಿಗೆ ಅವರು ದಿನಾ ಬರುವುದಿಲ್ಲ. ಬೀದಿಯವರದ್ದೆಲ್ಲ ಒಟ್ಟು ಮಾಡಿ ಸಂಜೆಯೊಳಗೆ ಸಾಗಿಸುವ ಏರ್ಪಾಡು ಮಾಡಿದೆವು. ನೀರಿನ ಸಮಸ್ಯೆ ಮಾತ್ರ ನಮ್ಮ ಕೈ ಮೀರಿದ್ದು. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಕೊಳವೆಬಾವಿ ಸಾವಿರ ಅಡಿ ದಾಟಿದೆ, ಗಡಸು ನೀರಿನಲ್ಲಿ ಬೇಯಿಸಿದ ಗೂಡಿನ ನೂಲಿಗೆ ಹೊಳಪು ಬರುವುದಿಲ್ಲ. ಮಳೆನೀರಿನ ತೊಟ್ಟಿ ಕಟ್ಟಿಸಿದವರಿಗೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಈಗ ಹರಾಜು ಆನ್‌ಲೈನ್. ರೀಲರ್ ಮೊದಲೇ ಹಣ ಕಟ್ಟಿ ನಿಲ್ಲಬೇಕು, ರೈತನ ಖಾತೆಗೆ ನೇರವಾಗಿ ಹೋಗುತ್ತದೆ. ಇದು ಒಳ್ಳೆಯದೇ, ನಾನು ಬೆಂಬಲಿಸಿದವನು. ಆದರೆ ಸಣ್ಣವನು ಇನ್ನೂ ಮುಂಚೆಯೇ ದುಡ್ಡು ಹೊಂದಿಸಬೇಕಾಯಿತು. ಹೊಸದಾಗಿ ಫಿಲೇಚರ್ ಹಾಕುವ ಹುಡುಗರು ಬಂದು ಆಟೋಮ್ಯಾಟಿಕ್ ಯಂತ್ರದ ಬಗ್ಗೆ ಕೇಳುತ್ತಾರೆ. ನೂಲು ಒಂದು ಗ್ರಾಂ ಮಾರದೆ ಮೂರು ವಾರ ಗೂಡು ಕೊಳ್ಳುವಷ್ಟು ದುಡ್ಡು ಇದೆಯಾ ಎಂದು ನಾನು ಕೇಳುತ್ತೇನೆ. ಇಲ್ಲ ಅಂದರೆ ಯಂತ್ರ ಸಣ್ಣದು ತಗೊಳ್ಳಿ, ಉಳಿದ ಹಣ ಗೂಡಿಗೆ ಇಟ್ಟುಕೊಳ್ಳಿ, ಮೊದಲು ಆರು ತಿಂಗಳು ಯಾರ ಜೊತೆಗಾದರೂ ಮಾರುಕಟ್ಟೆಗೆ ಬಂದು ಲಾಟಿನ ತಳಕ್ಕೆ ಕೈ ಹಾಕುವುದನ್ನು ಕಲಿಯಿರಿ ಎನ್ನುತ್ತೇನೆ. ಬರುವವರನ್ನು ನಾನೇ ಕರೆದುಕೊಂಡು ಹೋಗುತ್ತೇನೆ.