ಬ್ರೇಕು ಬಿಡುವುದನ್ನು ಕಲಿತ ಸೀಸನ್

ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ನಮ್ಮ ಹೊಲದ ಕೋಸು, ಆಲೂಗಡ್ಡೆ ತುಂಬಿದ ಲಾರಿ ಮುಂದೆ ಹೋದರೆ, ಮಂಡಿಯ ಲೆಕ್ಕ ನೋಡಿಕೊಂಡು ಬರಲು ನಾನು ಹಿಂದಿನಿಂದ ಬೈಕಿನಲ್ಲಿ ಇಳಿಯುತ್ತಿದ್ದೆ. ತಿರುವು ಬರುವ ಮೊದಲೇ ವೇಗವನ್ನು ಪೂರ್ತಿ ಇಳಿಸಬೇಕು, ಬ್ರೇಕು ಬಿಡಬೇಕು, ಎಡಕ್ಕೆ ಅಂಟಿಕೊಂಡು, ಎದುರಿನಿಂದ ಲಾರಿ ಬಂದೇ ಬರುತ್ತದೆ ಎಂದುಕೊಂಡು ತಿರುಗಬೇಕು ಎಂದು ಅಪ್ಪ ಕಲಿಸಿದ್ದರು. ಘಾಟಿಗೆ ಅದೇ ಸರಿಯಾದ ಕ್ರಮ, ಇಂದಿಗೂ ನಾನು ಅಲ್ಲಿ ಹಾಗೆಯೇ ಇಳಿಯುತ್ತೇನೆ. ಆದರೆ ಒಂದು ತಂಡ ಸಂಬಳ ಕೊಟ್ಟು ನನ್ನನ್ನು ರೇಸಿಗೆ ಇಳಿಸಿದ ಮೊದಲ ಸೀಸನ್‌ನ ಅರ್ಧಭಾಗವನ್ನು ನಾನು ಕಳೆದುಕೊಂಡದ್ದು ಕೈಬೆರಳುಗಳಿಗೆ ಅಂಟಿದ್ದ ಇದೇ ಅಭ್ಯಾಸದಿಂದ ಎಂಬುದು ತಿಳಿಯಲು ನನಗೆ ಬಹಳ ಸಮಯ ಹಿಡಿಯಿತು.

ಅದಕ್ಕೆ ಹಿಂದಿನ ವರ್ಷಗಳಲ್ಲಿ ಸ್ವಂತ ಖರ್ಚಿನಲ್ಲಿ ಹೊಸಬರ ವಿಭಾಗದಲ್ಲಿ ಓಡಿಸಿದ್ದೆ. ಈ ಬಾರಿ ಬೈಕು, ಟೈರು, ಮೆಕ್ಯಾನಿಕ್ ಎಲ್ಲವೂ ತಂಡದ್ದೇ ಆಗಿದ್ದವು. ನಾನು ಓಡಿಸಿದ್ದು ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ 165 ಸಿಸಿ ವಿಭಾಗದಲ್ಲಿ. ಈ ಬೈಕುಗಳನ್ನು ಚಿಕ್ಕವು ಎಂದು ತಿಳಿಯುವವರು ಒಮ್ಮೆ ಟ್ರ್ಯಾಕಿಗೆ ಬಂದು ನೋಡಬೇಕು. ಇಂಜಿನ್‌ಗಳ ಶಕ್ತಿ ಹೆಚ್ಚುಕಡಿಮೆ ಸಮನಾಗಿರುವುದರಿಂದ ಯಾರೂ ನೇರ ದಾರಿಯಲ್ಲಿ ಒಬ್ಬರನ್ನೊಬ್ಬರು ಬಿಟ್ಟು ಓಡಲಾಗದು. ಏಳೆಂಟು ಬೈಕುಗಳು ಒಂದೇ ಗುಂಪಾಗಿ, ಮುಂದಿನವನು ಸೀಳಿದ ಗಾಳಿಯ ಹಿಂದೆ ಅಡಗಿಕೊಂಡು ಬರುತ್ತವೆ, ಎಲ್ಲವೂ ತೀರ್ಮಾನವಾಗುವುದು ಬ್ರೇಕು ಹಿಡಿಯುವ ಜಾಗದಲ್ಲಿ.

ರೇಸುಗಳು ನಡೆದದ್ದು ಎರಡು ಟ್ರ್ಯಾಕುಗಳಲ್ಲಿ. ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟೈನಲ್ಲಿರುವ ಮದ್ರಾಸ್ ಟ್ರ್ಯಾಕು 3.717 ಕಿಲೋಮೀಟರ್ ಉದ್ದವಿದ್ದು 12 ತಿರುವುಗಳನ್ನು ಹೊಂದಿದೆ. ಕೊಯಮತ್ತೂರಿನ ಚೆಟ್ಟಿಪಾಳಯಂನ ಕರಿ ಮೋಟಾರ್ ಸ್ಪೀಡ್‌ವೇ ಅದಕ್ಕಿಂತ ಬಹಳ ಚಿಕ್ಕದು, ಸುಮಾರು 2.1 ಕಿಲೋಮೀಟರ್. ಫಾರ್ಮುಲಾ ಮಾರುತಿ ಎಂಬ ರೇಸ್ ಕಾರನ್ನು ರೂಪಿಸಿದ ಎಸ್. ಕರಿವರ್ಧನ್ ಅವರ ಹೆಸರನ್ನು ಅದಕ್ಕಿಟ್ಟಿದ್ದಾರೆ. ನಮ್ಮೂರಿಗೆ ಹತ್ತಿರದ ಟ್ರ್ಯಾಕು ಅದೇ ಆದ್ದರಿಂದ ನನಗೆ ಅದರ ಮೇಲೆ ಪ್ರೀತಿ ಹೆಚ್ಚು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹಿಂದಿನ ಚಕ್ರದ ಸ್ಪ್ರಾಕೆಟ್, ಅಂದರೆ ಚೈನು ಕೂರುವ ಹಲ್ಲುಗಾಲಿ, ಬದಲಾಗುತ್ತದೆ: ಕೊಯಮತ್ತೂರಿನಲ್ಲಿ ತಿರುವಿನಿಂದ ಬೇಗ ಎದ್ದು ಬರಲು ಹಲ್ಲುಗಳು ಹೆಚ್ಚಿರಬೇಕು, ಮದ್ರಾಸಿನ ಉದ್ದ ನೇರ ದಾರಿಗೆ ಕಡಿಮೆಯಿರಬೇಕು.

ಮದ್ರಾಸಿನ ಮೊದಲ ರೌಂಡ್‌ನಲ್ಲಿ ನಾನು ಒಂಬತ್ತನೆಯವನಾದೆ. ಜೂನ್ ತಿಂಗಳ ಬಿಸಿಲಿನಲ್ಲಿ ಚರ್ಮದ ಸೂಟಿನೊಳಗೆ ದೇಹ ಬೆಂದುಹೋಗಿತ್ತು, ಆದರೆ ನಾನು ಹಿಂದೆ ಬಿದ್ದದ್ದು ಅದರಿಂದಲ್ಲ. ನೇರ ದಾರಿಯಲ್ಲಿ ಮುಂದಿನವನ ಬಾಲದಲ್ಲೇ ಇರುತ್ತಿದ್ದೆ, ಅವನಿಗಿಂತ ತಡವಾಗಿ ಬ್ರೇಕು ಹಿಡಿಯುತ್ತಿದ್ದೆ, ಆದರೂ ತಿರುವಿನ ನಡುವೆ ಅವನು ಎರಡು ಬೈಕಿನಷ್ಟು ದೂರ ಹೋಗಿರುತ್ತಿದ್ದ. ಬೈಕು ರಿಪೇರಿಯ ಜಾಗವಾದ ಪಿಟ್‌ಗೆ ಬಂದು ಬ್ರೇಕು ಸಾಲದು ಎಂದು ದೂರಿದೆ. ನಮ್ಮ ಮೆಕ್ಯಾನಿಕ್ ಹಾಸನೂರಿನವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರು ಪ್ಯಾಡುಗಳನ್ನು ಬಿಚ್ಚಿ ನೋಡಿ, "ಬ್ರೇಕು ಚೆನ್ನಾಗೇ ಹಿಡೀತದೆ ಕಣಪ್ಪ, ನೀನು ಬಿಡೋದೇ ಬೇಗ ಆಗ್ತದೆ" ಎಂದರು. "ಬಿಡದೆ ತಿರುಗಿಸಿದರೆ ಬೀಳ್ತೀನಲ್ಲಣ್ಣ" ಎಂದೆ. ಅವರು ಉತ್ತರಿಸಲಿಲ್ಲ. ಅವರ ಮೊದಲಿನ ಮಾತಿನ ತೂಕ ನನಗೆ ಅಂದು ಗೊತ್ತಾಗಲಿಲ್ಲ.

ಬದಲಿಗೆ ಇನ್ನೂ ತಡವಾಗಿ ಬ್ರೇಕು ಹಿಡಿಯಲು ಹೊರಟೆ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ 33 ಮೀಟರ್ ಸಾಗುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾದರೂ ಮೂರು ಮೀಟರಿಗೂ ಹೆಚ್ಚು ಜಾಗ ಕೈತಪ್ಪುತ್ತದೆ. ಆ ವೇಗವನ್ನು ಅರವತ್ತಕ್ಕೆ ಇಳಿಸುವಷ್ಟರಲ್ಲಿ ಬೈಕಿನ ಚಲನಶಕ್ತಿಯ ಮುಕ್ಕಾಲು ಭಾಗವನ್ನು ಬ್ರೇಕು ನುಂಗಿರಬೇಕು. ಕೊಯಮತ್ತೂರಿನ ಅಭ್ಯಾಸದಲ್ಲಿ, ಟೈರುಗಳಿನ್ನೂ ಬಿಸಿಯಾಗಿರದ ಮೊದಲ ಲ್ಯಾಪಿನಲ್ಲಿ, ನಾನು ಗುರುತಿಟ್ಟ ಜಾಗವನ್ನೂ ದಾಟಿಸಿ ಒಮ್ಮೆಲೇ ಬ್ರೇಕಿನ ಲಿವರ್ ಹಿಂಡಿದೆ. ಮುಂದಿನ ಚಕ್ರ ಜಾರಿತು. ಬೈಕು ಒಂದು ಕಡೆ, ನಾನು ಒಂದು ಕಡೆ. ಎಡ ಮಣಿಕಟ್ಟಿನ ಮೂಳೆಯಲ್ಲಿ ಬಿರುಕು ಬಿಟ್ಟು ಆ ರೌಂಡೂ ಮುಂದಿನ ರೌಂಡೂ ಕೈಬಿಟ್ಟವು. ಟ್ರ್ಯಾಕಿನ ಅಂಚಿನಲ್ಲಿ ಕುಳಿತು ಮುರಿದ ಹ್ಯಾಂಡಲನ್ನು ನೋಡುತ್ತಿದ್ದಾಗ ನನ್ನನ್ನು ನಂಬಿ ಬೈಕು ಕೊಟ್ಟವರಿಗೆ ಏನು ಹೇಳಲಿ ಎಂಬ ಚಿಂತೆ ನೋವಿಗಿಂತ ಹೆಚ್ಚಾಗಿತ್ತು.

ಓಡಿಸಲಾಗದಿದ್ದರೂ ಕೈಗೆ ಪಟ್ಟಿ ಕಟ್ಟಿಕೊಂಡೇ ಮುಂದಿನ ರೌಂಡ್ ನೋಡಲು ಹೋದೆ. ಮೆಕ್ಯಾನಿಕ್ ಅಣ್ಣ ನನ್ನನ್ನು ಒಂದು ತಿರುವಿನ ಹೊರಗೆ, ಬೇಲಿಯ ಬಳಿ ನಿಲ್ಲಿಸಿ, "ಯಾರು ಮುಂದೆ ಅಂತ ನೋಡಬೇಡ, ಮುಂದಿನ ಫೋರ್ಕ್ ನೋಡು" ಎಂದರು. ಮುಂದಿನ ಚಕ್ರವನ್ನು ಹಿಡಿದು, ಭಾರಕ್ಕೆ ಕುಸಿದು ಏಳುವ ಜೋಡಿ ಕೊಳವೆಗಳೇ ಫೋರ್ಕ್. ಎರಡು ದಿನ ಅದನ್ನೇ ನೋಡಿದೆ, ಆ ಸೀಸನ್‌ನಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸವೂ ಅದೇ. ಹಿಂದೆ ಓಡುತ್ತಿದ್ದವರ ಬೈಕುಗಳು ನೇರವಾಗಿದ್ದಾಗ ಫೋರ್ಕ್ ಕೆಳಗೆ ಕುಸಿಯುತ್ತಿತ್ತು, ವಾಲುವ ಮೊದಲೇ ಪಟ್ಟನೆ ಮೇಲೇಳುತ್ತಿತ್ತು, ಆಮೇಲೆ ಬೈಕು ಹೊರಗೆ ಅಗಲವಾಗಿ ಹರಿಯುತ್ತಿತ್ತು. ಮುಂದಿನ ಮೂರು ನಾಲ್ಕು ಜನರ ಫೋರ್ಕ್ ಹಾಗೆ ಏಳುತ್ತಿರಲಿಲ್ಲ. ಬೈಕು ವಾಲಿದಂತೆಲ್ಲ ನಿಧಾನವಾಗಿ, ಯಾರೋ ಗಾಳಿ ತುಂಬುತ್ತಿರುವಂತೆ, ಮೇಲೆ ಬರುತ್ತಿತ್ತು. ಅವರು ತಿರುವಿನ ಒಳ ಅಂಚು ಮುಟ್ಟುವವರೆಗೂ ಬ್ರೇಕನ್ನು ಬೆರಳ ತುದಿಯಲ್ಲಿ ಉಳಿಸಿಕೊಂಡು, ವಾಲಿದಷ್ಟೂ ಸಡಿಲಿಸುತ್ತ ಹೋಗುತ್ತಿದ್ದರು. ಟ್ರೇಲ್ ಬ್ರೇಕಿಂಗ್ ಎಂಬ ಹೆಸರು ನನಗೆ ಮೊದಲೇ ಗೊತ್ತಿತ್ತು, ಕಣ್ಣಿಗೆ ಬಿದ್ದದ್ದು ಅಂದು.

ಕಾರಣ ಸರಳ. ಬ್ರೇಕು ಹಿಡಿದಾಗ ಭಾರ ಮುಂದಿನ ಚಕ್ರಕ್ಕೆ ಬಂದು ಟೈರು ನೆಲಕ್ಕೆ ಒತ್ತಿಕೊಳ್ಳುತ್ತದೆ, ಫೋರ್ಕ್ ಕುಸಿದಿರುವುದರಿಂದ ಬೈಕು ಚುರುಕಾಗಿ ತಿರುಗುತ್ತದೆ. ನಾನು ಘಾಟಿಯಲ್ಲಿ ಮಾಡುತ್ತಿದ್ದಂತೆ ಮೊದಲೇ ಬ್ರೇಕು ಬಿಟ್ಟಾಗ, ಟೈರಿಗೆ ಹಿಡಿತ ಹೆಚ್ಚು ಬೇಕಾದ ಗಳಿಗೆಯಲ್ಲೇ ಅದರ ಮೇಲಿನ ಭಾರವನ್ನು ತೆಗೆಯುತ್ತಿದ್ದೆ. ಆದರೆ ಟೈರಿನ ಹಿಡಿತಕ್ಕೂ ಮಿತಿಯಿದೆ. ಬ್ರೇಕು ಮತ್ತು ವಾಲುವಿಕೆ ಅದನ್ನು ಹಂಚಿಕೊಳ್ಳಬೇಕು, ಒಂದು ಏರಿದಂತೆ ಇನ್ನೊಂದು ಇಳಿಯಬೇಕು. ಎರಡನ್ನೂ ಒಟ್ಟಿಗೆ ಕೇಳಿದರೆ ನನ್ನ ಮಣಿಕಟ್ಟಿಗೆ ಆದದ್ದೇ ಆಗುತ್ತದೆ.

ಇದನ್ನು ಬೆರಳುಗಳಿಗೆ ಕಲಿಸುವುದು ಬೇಸರದ ಕೆಲಸವಾಗಿತ್ತು. ಕೈ ಗುಣವಾದ ಮೇಲೆ ಕೊಯಮತ್ತೂರಿನಲ್ಲಿ ಅಭ್ಯಾಸದ ದಿನಗಳಲ್ಲಿ, ಬ್ರೇಕು ಹಿಡಿಯುವ ಗುರುತನ್ನು ಬೇಕೆಂದೇ ಹದಿನೈದು ಮೀಟರ್ ಹಿಂದಕ್ಕೆ ತಂದು, ಮೆಲ್ಲಗೆ ಹಿಡಿದು, ಬಿಡುವುದರ ಮೇಲೆ ಮಾತ್ರ ಗಮನವಿಟ್ಟು ಓಡಿಸಿದೆ. ಮೊದಲ ಎರಡು ದಿನ ಹಳೆಯ ಸಮಯಕ್ಕಿಂತ ನಿಧಾನವಾಗಿಯೇ ಓಡಿದೆ. ಸೆಷನ್ ಮುಗಿದ ಕೂಡಲೇ ಹೆಲ್ಮೆಟ್ ತೆಗೆಯುವ ಮೊದಲೇ, ಪ್ರತಿ ತಿರುವಿನಲ್ಲಿ ಬೆರಳು ಎಲ್ಲಿ ಲಿವರ್ ಬಿಟ್ಟಿತು ಎಂದು ಅಣ್ಣನಿಗೆ ಹೇಳಬೇಕಿತ್ತು, ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ನೆನಪಿಲ್ಲ ಎಂದರೆ ಆ ತಿರುವಿನ ಮುಂದೆ ಸೊನ್ನೆ. ಮೂರನೆಯ ದಿನಕ್ಕೆ ಸೊನ್ನೆಗಳು ಕಡಿಮೆಯಾದವು, ಸಮಯವೂ ತಾನಾಗಿ ಇಳಿಯಿತು.

ಕೊನೆಯ ರೌಂಡ್ ಮದ್ರಾಸಿನಲ್ಲಿ ನಡೆಯಿತು. ಬೆಳಿಗ್ಗೆ ಮಳೆ ಬಂದು ನಿಂತಿತ್ತು, ರೇಸಿನ ಹೊತ್ತಿಗೆ ಟ್ರ್ಯಾಕು ಒಣಗಿದ್ದರೂ ಕೆಲವೆಡೆ ತೇವದ ಗುರುತುಗಳು ಉಳಿದಿದ್ದವು. ಹತ್ತನೆಯ ಜಾಗದಿಂದ ಹೊರಟು, ಮೊದಲ ಲ್ಯಾಪಿನಲ್ಲಿ ಟೈರು ಬಿಸಿಯಾಗುವವರೆಗೆ ಯಾರನ್ನೂ ದಾಟಲು ಹೋಗಲಿಲ್ಲ. ಆಮೇಲೆ ಒಬ್ಬೊಬ್ಬರನ್ನೇ, ಅವರಿಗಿಂತ ತಡವಾಗಿ ಬ್ರೇಕು ಹಿಡಿಯದೆ, ತಿರುವಿನ ನಡುವೆ ಹೆಚ್ಚು ವೇಗ ಉಳಿಸಿಕೊಂಡು, ಹೊರಬರುವಾಗ ದಾಟಿದೆ. ಕೊನೆಯ ಲ್ಯಾಪಿನಲ್ಲಿ ಮೂರನೆಯವನ ಹಿಂದಿದ್ದೆ. ಕೊನೆಯ ತಿರುವಿನಲ್ಲಿ ಅವನ ಪಕ್ಕಕ್ಕೆ ಬಂದರೂ ಗೆರೆ ದಾಟುವಾಗ ಅರ್ಧ ಚಕ್ರದಷ್ಟು ಹಿಂದುಳಿದೆ.

ನಾಲ್ಕನೆಯ ಸ್ಥಾನಕ್ಕೆ ವೇದಿಕೆಯಿಲ್ಲ. ಅಣ್ಣ ಟೈಮಿಂಗ್ ಚೀಟಿ ತಂದು, ಮೊದಲ ಲ್ಯಾಪನ್ನು ಬಿಟ್ಟು ಉಳಿದವುಗಳ ಪೈಕಿ ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ ಇದ್ದ ಅಂತರಕ್ಕೆ ಪೆನ್ನಿನಲ್ಲಿ ಗೆರೆ ಎಳೆದರು. ಜೂನ್‌ನಲ್ಲಿ ಅದು ಸುಮಾರು ಎರಡು ಸೆಕೆಂಡು ಇತ್ತು, ಅಂದು ಅರ್ಧ ಸೆಕೆಂಡಿಗಿಂತ ಕಡಿಮೆಯಿತ್ತು. ಚೀಟಿಯನ್ನು ಮಡಿಸಿ ನೋಟ್‌ಬುಕ್ಕಿನೊಳಗಿಟ್ಟು, "ಕೊನೇ ತಿರುವಿನಲ್ಲಿ ಬೆರಳು ಎಲ್ಲಿ ಬಿಡ್ತಪ್ಪ?" ಎಂದು ಕೇಳಿದರು. ನನಗೆ ನೆನಪಿತ್ತು, ಹೇಳಿದೆ.