ಸೇಡಂ ರಸ್ತೆಯಲ್ಲಿ, ಮಟಮಟ ಬಿಸಿಲಲ್ಲಿ: ನನ್ನ ಮೊದಲ ಎಲೆಕ್ಟ್ರಿಕ್ ಬೈಕ್ ಟೆಸ್ಟ್ ರೈಡ್

ಟೆಸ್ಟ್ ರೈಡ್ ಬೇಕು ಅಂತ ಫೋನ್ ಮಾಡಿದಾಗ ಶೋರೂಮಿನವರು ಬೆಳಿಗ್ಗೆ ಹತ್ತಕ್ಕೆ ಬನ್ನಿ ಅಂದರು. ನಾನು ಮಧ್ಯಾಹ್ನ ಮೂರಕ್ಕೆ ಬರ್ತೀನಿ ಅಂದೆ. ಏಪ್ರಿಲ್ ತಿಂಗಳು, ಬಿಸಿಲು 42 ಡಿಗ್ರಿ ಹತ್ತಿರ. ಕಲಬುರಗಿಯಲ್ಲಿ ಬ್ಯಾಟರಿ ಗಾಡಿ ತಗೊಳ್ಳುವವರು ಅದನ್ನು ಬೆಳಗಿನ ತಂಪಲ್ಲಿ ಓಡಿಸಿ ನೋಡಿದರೆ ಅರ್ಧ ವಿಷಯ ತಿಳಿಯೋದೇ ಇಲ್ಲ.

ಇನ್ನೊಂದು ಮಾತು ಮೊದಲೇ ಹೇಳಿದ್ದೆ. ಶೋರೂಮ್ ಮುಂದೆ ಒಂದು ಸುತ್ತು ಹೊಡೆದು ವಾಪಸ್ ಬರೋದು ನನಗೆ ಬೇಡ, ನಾನು ದಿನಾ ಓಡಾಡುವ ದಾರಿಯಲ್ಲೇ ಓಡಿಸಬೇಕು. ಸೂಪರ್ ಮಾರ್ಕೆಟ್ ಅನ್ನೋ ಪೇಟೆಯ ಗದ್ದಲ, ರೈಲ್ವೆ ಮೇಲ್ಸೇತುವೆಯ ಏರು, ಆಮೇಲೆ ಸೇಡಂ ರಸ್ತೆ ಹಿಡಿದು ವಿಶ್ವವಿದ್ಯಾಲಯದ ಗೇಟಿನ ತನಕ. ಸ್ವಲ್ಪ ಹಿಂದೆ ಮುಂದೆ ನೋಡಿದರು. ಡಿಎಲ್ ತೋರಿಸಿ, ಹೆಲ್ಮೆಟ್ ಹಾಕಿಕೊಂಡ ಮೇಲೆ ಒಪ್ಪಿದರು. ಹಿಂದಿನ ಸೀಟಿನಲ್ಲಿ ಅಲ್ಲಿನ ಹುಡುಗ ಕೂತ.

ಕೀ ತಿರುಗಿಸಿದರೆ ಏನೂ ಕೇಳಿಸಲ್ಲ. ಡಿಸ್ಪ್ಲೇ ಮೇಲೆ ರೆಡಿ ಅಂತ ಬಂದರೆ ಗಾಡಿ ಚಾಲೂ ಆಯ್ತು ಅಂತ ಅರ್ಥ. ಪೆಟ್ರೋಲ್ ಬೈಕಲ್ಲಿ ಸುಮ್ನೆ ನಿಂತಾಗ ಆಕ್ಸಿಲರೇಟರ್ ತಿರುವಿ ನೋಡೋ ಅಭ್ಯಾಸ ಇರುತ್ತದೆ ಅಲ್ವಾ, ಅದನ್ನು ಇಲ್ಲಿ ಮಾಡಲೇಬಾರದು. ಮೋಟರ್ ನಿಂತ ಜಾಗದಿಂದಲೇ ಪೂರ್ತಿ ಎಳೆತ ಕೊಡುತ್ತದೆ. ಕೈ ತಿರುವಿದ ಕ್ಷಣ ಗಾಡಿ ಮುಂದೆ ಜಿಗಿಯುತ್ತದೆ. ನಾನು ಎಳೆತ ಕಡಿಮೆ ಇರುವ ಇಕೋ ಮೋಡ್‌ನಲ್ಲೇ ಶುರು ಮಾಡಿದೆ. ಹಿಂದಿನ ಬ್ರೇಕ್ ಎಲ್ಲಿದೆ ಅಂತ ಹೊರಡುವ ಮೊದಲೇ ಒತ್ತಿ ನೋಡಿಕೊಂಡೆ. ಕೆಲವು ಎಲೆಕ್ಟ್ರಿಕ್ ಬೈಕುಗಳಲ್ಲಿ ಅದು ಬಲಗಾಲಿನ ಹತ್ತಿರ, ಇನ್ನು ಕೆಲವದರಲ್ಲಿ ಕ್ಲಚ್ ಇರಬೇಕಾದ ಎಡಗೈಯಲ್ಲಿ.

ನನಗೆ ಎಲ್ಲಕ್ಕಿಂತ ಜಾಸ್ತಿ ನೋಡಬೇಕಿದ್ದದ್ದು ಸೂಪರ್ ಮಾರ್ಕೆಟ್‌ನಲ್ಲಿ ಗಾಡಿ ಹೇಗೆ ನಡೆಯುತ್ತದೆ ಅಂತ. ಮುಂದೆ ಹಣ್ಣಿನ ತಳ್ಳುಗಾಡಿ, ಪಕ್ಕದಲ್ಲಿ ಆಟೋ, ನಡುವೆ ಮೊಳದಷ್ಟು ಜಾಗ. ಅಂಥ ಕಡೆ ನಾವು ಬೈಕ್ ನಡೆಸೋದೆಲ್ಲ ಹಾಫ್ ಕ್ಲಚ್ ಮೇಲೆ. ಎಲೆಕ್ಟ್ರಿಕ್ ಬೈಕಲ್ಲಿ ಆ ಕ್ಲಚ್ಚೇ ಇಲ್ಲ. ಹಿಂದಿನ ಬ್ರೇಕ್ ಹಗುರವಾಗಿ ಒತ್ತಿಟ್ಟು, ಆಕ್ಸಿಲರೇಟರ್ ಸ್ವಲ್ಪವೇ ಕೊಡ್ತಾ ಹೋಗಿ ಅಂತ ಗೆಳೆಯರು ಹೇಳಿದ್ದರು. ಆ ಉಪಾಯ ಎಲ್ಲ ಗಾಡಿಯಲ್ಲಿ ನಡೆಯಲ್ಲ. ಬಹಳಷ್ಟು ಎಲೆಕ್ಟ್ರಿಕ್ ಗಾಡಿಗಳಲ್ಲಿ ಬ್ರೇಕ್ ಮುಟ್ಟಿದ ಕೂಡಲೇ ಮೋಟರಿಗೆ ಕರೆಂಟ್ ನಿಲ್ಲುವ ಹಾಗೆ ಸ್ವಿಚ್ ಇಟ್ಟಿರುತ್ತಾರೆ. ನಾನು ಓಡಿಸಿದ್ದೂ ಅಂಥದ್ದೇ. ಬ್ರೇಕ್ ಒತ್ತಿದರೆ ಎಳೆತ ಪೂರ್ತಿ ಬಂದ್, ಬಿಟ್ಟರೆ ಮತ್ತೆ ಎಳೆತ. ಹಾಗಾಗಿ ಬರೀ ಬಲಗೈ ಮಣಿಕಟ್ಟಿನ ಹಿಡಿತದಲ್ಲೇ ತೆವಳಿಸಬೇಕು. ಇಕೋದಲ್ಲಿ ಅದು ಸುಲಭ, ಸ್ಪೋರ್ಟ್ ಮೋಡ್‌ನಲ್ಲಿ ಕಷ್ಟ.

ಮೇಲ್ಸೇತುವೆಯ ಏರಿನಲ್ಲೂ ಇದೇ ಕಥೆ. ಬೇಕಂತಲೇ ಎಡಕ್ಕೆ ನಿಲ್ಲಿಸಿ ಹೊರಟು ನೋಡಿದೆ. ಬ್ರೇಕ್ ಬಿಟ್ಟ ಮೇಲೆಯೇ ಮೋಟರ್ ಎಳೆಯೋದು, ಆ ನಡುವಿನ ಕ್ಷಣದಲ್ಲಿ ಗಾಡಿ ಗೇಣುದ್ದ ಹಿಂದಕ್ಕೆ ಸರಿಯಿತು. ಹಿಂದೆ ಯಾರೂ ಅಂಟಿಕೊಂಡು ನಿಂತಿಲ್ಲದಿದ್ದರೆ ತೊಂದರೆ ಇಲ್ಲ. ಏರಿನಲ್ಲಿ ಹಿಂದೆ ಸರಿಯದಂತೆ ತಡೆಯುವ ಹಿಲ್ ಹೋಲ್ಡ್ ಇರುವ ಗಾಡಿಗಳೂ ಇವೆ. ಇದನ್ನು ಶೋರೂಮಿನಲ್ಲಿ ಕೇಳಿ, ಏರಿನಲ್ಲಿ ನಿಲ್ಲಿಸಿಯೇ ನೋಡಿ.

ಸದ್ದು ಇಲ್ಲದಿರೋದು ನನಗೆ ಬಹಳ ಹಿಡಿಸಿತು. ಆದರೆ ರಸ್ತೆ ಮೇಲಿರುವವರಿಗೆ ನಾವು ಬರೋದು ತಿಳಿಯಲ್ಲ. ಜಗತ್ ವೃತ್ತದ ಹತ್ತಿರ ರಸ್ತೆ ದಾಟುತ್ತಿದ್ದ ಹಿರಿಯರೊಬ್ಬರು ತಿರುಗಿ ನೋಡಿ ನಿಂತುಬಿಟ್ಟರು. "ಸಪ್ಪಳಾನೇ ಇಲ್ಲಲ್ರೀ, ಬಂದಿದ್ದೇ ತಿಳೀಲಿಲ್ಲ ನೋಡ್ರಿ" ಅಂದರು. ಅಲ್ಲಿಂದ ಮುಂದೆ ಜನ ಕಂಡಲ್ಲೆಲ್ಲ ಚಿಕ್ಕದಾಗಿ ಹಾರ್ನ್ ಕೊಡುತ್ತಲೇ ಹೋದೆ.

ಸೇಡಂ ರಸ್ತೆಗೆ ಬಂದ ಮೇಲೆ ನಾರ್ಮಲ್ ಮೋಡ್ ಹಾಕಿದೆ. 60ರ ತನಕ ಆರಾಮಾಗಿ ಏರಿತು. ಆಕ್ಸಿಲರೇಟರ್ ಬಿಟ್ಟರೆ ಗಾಡಿ ತಾನೇ ನಿಧಾನ ಆಗುತ್ತದೆ, ಆ ಹೊತ್ತಲ್ಲಿ ಬ್ಯಾಟರಿಗೆ ಸ್ವಲ್ಪ ಕರೆಂಟ್ ವಾಪಸ್ ಹೋಗುತ್ತದೆ. ಇದಕ್ಕೆ ರೀಜೆನ್ ಅಂತಾರೆ. ಬ್ಯಾಟರಿ 100 ಪರ್ಸೆಂಟ್ ಇದ್ದಾಗ ಹೊಸ ಕರೆಂಟಿಗೆ ಜಾಗ ಇರಲ್ಲ, ಹಾಗಾಗಿ ರೀಜೆನ್ ಕಡಿಮೆ. ಪೂರ್ತಿ ಚಾರ್ಜ್ ಆದ ಗಾಡಿ ಕೊಟ್ಟರೆ ಇದರ ಅಂದಾಜು ಸಿಗೋದಿಲ್ಲ. ನಾನು ಹತ್ತಿದಾಗ 84 ಇತ್ತು.

ಲೆಕ್ಕಕ್ಕೂ ಆ ಅಂಕಿ ಬೇಕಿತ್ತು. 14 ಕಿಲೋಮೀಟರ್ ಓಡಿಸಿ ವಾಪಸ್ ಬಂದಾಗ 69 ತೋರಿಸಿತು. ಅಂದರೆ 15 ಪರ್ಸೆಂಟಿಗೆ 14 ಕಿಲೋಮೀಟರ್, ಪೂರ್ತಿ ಚಾರ್ಜಿಗೆ ಸುಮಾರು 93. ಬ್ರೋಷರಿನಲ್ಲಿ 140 ಅಂತ ಇತ್ತು. ಅದು ಪ್ರಮಾಣೀಕರಣದ ಪರೀಕ್ಷೆಯಲ್ಲಿ ಬರೋ ಅಂಕಿ. ಇಬ್ಬರು ಕೂತು ಬಿಸಿಲು ಗಾಳಿಯಲ್ಲಿ ಓಡಿಸಿದರೆ ಅಷ್ಟು ಬರಲ್ಲ. ಕಡೆಯ 20 ಪರ್ಸೆಂಟ್ ಮುಟ್ಟಬಾರದು ಅಂತ ಇಟ್ಟುಕೊಂಡರೆ ಕೈಗೆ ಸಿಗೋದು 75 ಕಿಲೋಮೀಟರ್. ಊರೊಳಗಿನ ಓಡಾಟಕ್ಕೆ ಇದು ಧಾರಾಳ ಸಾಕು. ಜೇವರ್ಗಿಗೆ ಹೋಗಿ ಬರಲು ಸುಮಾರು 80 ಆಗುತ್ತದೆ, ಹಾಗೆ ಹೋದರೆ ಅಲ್ಲಿ ಚಾರ್ಜ್ ಮಾಡಿಕೊಂಡೇ ಹೊರಡಬೇಕು.

ಬಿಸಿಲಿನ ವಿಷಯಕ್ಕೆ ಬರ್ತೀನಿ. ಬ್ಯಾಟರಿ ಮಿತಿ ಮೀರಿ ಕಾದರೆ ಅದನ್ನು ನೋಡಿಕೊಳ್ಳುವ ಬಿಎಂಎಸ್ ಅನ್ನೋ ಎಲೆಕ್ಟ್ರಾನಿಕ್ ವ್ಯವಸ್ಥೆ ತಾನೇ ಪವರ್ ಇಳಿಸುತ್ತದೆ. ವಾಪಸ್ ಬರುವಾಗ ಸ್ಪೋರ್ಟ್ ಮೋಡ್‌ನಲ್ಲಿ ಜೋರಾಗಿ ಓಡಿಸಿ ನೋಡಿದೆ, ಎಳೆತ ಕಡಿಮೆ ಆಗಲಿಲ್ಲ. ಶೋರೂಮಿಗೆ ಬಂದು ಎರಡು ಪ್ರಶ್ನೆ ಕೇಳಿದೆ. ಒಂದು, ಬ್ಯಾಟರಿಯೊಳಗಿನ ಲಿಥಿಯಂ ಸೆಲ್ ಯಾವುದು, ಎಲ್‌ಎಫ್‌ಪಿಯೋ ಎನ್‌ಎಂಸಿಯೋ? ಎಲ್‌ಎಫ್‌ಪಿ ಸೆಲ್ ಸ್ವಲ್ಪ ಭಾರ, ಆದರೆ ಎನ್‌ಎಂಸಿಗಿಂತ ಶಾಖ ಚೆನ್ನಾಗಿ ತಡೆಯುತ್ತದೆ. ಎರಡು, ಬ್ಯಾಟರಿ ಸುರಕ್ಷತೆಗೆ ಇರುವ ಎಐಎಸ್ 156ರ ತಿದ್ದುಪಡಿಯಾದ ನಿಯಮದ ಪ್ರಕಾರ ಬ್ಯಾಟರಿ ಇದೆಯಾ? 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಮೇಲೆ ಬಿಗಿ ಮಾಡಿದ ನಿಯಮ ಅದು, ಎರಡನೇ ಹಂತ 2023ರ ಮಾರ್ಚ್ 31ರಿಂದ ಜಾರಿಗೆ ಬಂತು. ಹಳೇ ಸ್ಟಾಕ್ ಅಥವಾ ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಗಾಡಿ ತಯಾರಾದ ತಿಂಗಳನ್ನು ನೋಡಲೇಬೇಕು.

ಮನೆಯವರನ್ನೂ ಕೂರಿಸಿ ನೋಡೋಣ ಅಂತ ಅವರನ್ನೂ ಶೋರೂಮಿಗೆ ಕರೆಸಿದ್ದೆ. ಹಿಂದಿನ ಸೀಟು ನೋಡಿದ ಕೂಡಲೇ "ಸೀರಿ ಉಟ್ಕೊಂಡು ಇದರ ಮ್ಯಾಲ ಹೆಂಗ ಕೂಡ್ಬೇಕ್ರಿ?" ಅಂದರು. ಕೇಳಬೇಕಾದ ಪ್ರಶ್ನೆಯೇ. ಸೀಟು ಎತ್ತರ, ತುದಿ ಚೂಪು, ಹಿಡಿಯಲು ಸಣ್ಣ ಹಿಡಿಕೆ. ಡೆಮೊ ಗಾಡಿಗೆ ಸೀರೆ ಗಾರ್ಡ್ ಹಾಕಿರಲಿಲ್ಲ. ಒಂದು ಕಡೆ ಕಾಲು ಹಾಕಿ ಕೂತು ಒಂದು ಸುತ್ತು ಬಂದರು. ಗಾರ್ಡ್ ಮತ್ತು ದೊಡ್ಡ ಹಿಡಿಕೆ ಹಾಕಿಸಿದರೆ ಆದೀತು ಅಂದರು. ಎರಡನ್ನೂ ಕೊಟೇಶನ್‌ನಲ್ಲಿ ಬರೆಸಿಕೊಂಡೆ.

ಅವತ್ತೇ ಬುಕ್ ಮಾಡಲಿಲ್ಲ. ನಮ್ಮದು ಹಳೇ ಮನೆ, ಅರ್ಥಿಂಗ್ ಮೇಲೆ ಭರವಸೆ ಇರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ನೋಡಿ, ಅರ್ಥಿಂಗ್ ಹೊಸದಾಗಿ ಹಾಕಬೇಕು ಅಂದರು. ಅದನ್ನು ಹಾಕಿಸಿ, ಮೀಟರಿನಿಂದ ಬೇರೆ ವೈರ್ ಎಳೆದು, ಬಿಸಿಲು ತಾಗದ ಪಡಸಾಲೆ ಗೋಡೆಗೆ 15 ಆಂಪ್ ಪಾಯಿಂಟ್ ಕೂರಿಸಿದರು. ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಬ್ಯಾಟರಿ ಆರಲಿ ಅಂತ ಶೋರೂಮಿನ ಮೆಕ್ಯಾನಿಕ್ ಹೇಳಿದ್ದರು. ಪಾಯಿಂಟ್ ರೆಡಿ ಆದ ಮರುದಿನ ಹೋಗಿ ಅಡ್ವಾನ್ಸ್ ಕೊಟ್ಟು ಬಂದೆ.