3389 ಮುಚ್ಚಿದ ಮೇಲೆ: ಕಚೇರಿಯ ಕಂಪ್ಯೂಟರನ್ನು ಮನೆಗೆ ತಲುಪಿಸಿದ ನನ್ನ ಅನುಭವ

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿರುವ ದಲ್ಲಾಳಿ ಅಂಗಡಿಯೊಂದರ ಕಂಪ್ಯೂಟರುಗಳನ್ನು ನಾನು ಸುಮಾರು ಹತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಧಾರವಾಡ, ಗದಗ ಮತ್ತು ಬ್ಯಾಡಗಿಯಲ್ಲಿರುವ ಲೆಕ್ಕದವರು ಮನೆಯಿಂದಲೇ ತಮ್ಮ ಕಚೇರಿ ಯಂತ್ರದಲ್ಲಿ ಕೆಲಸ ಮಾಡುವಂತಾಗಬೇಕು ಎಂದು ಸಾಹುಕಾರರು ಕೇಳಿದಾಗ, ಹೊರಗಿನವರನ್ನು ತಡೆಯುವ ಫೈರ್‌ವಾಲ್ ಪೆಟ್ಟಿಗೆ ಕೊಳ್ಳದೆ ಅದು ಆಗದು ಎಂದು ಇಬ್ಬರು ಮಾರಾಟಗಾರರು ಕೈಯಾಡಿಸಿಬಿಟ್ಟರು. ಪೆಟ್ಟಿಗೆಗೆ ಎಂಬತ್ತು ಸಾವಿರದ ಮೇಲೆ, ಪರವಾನಗಿಯ ಹಣ ವರ್ಷ ವರ್ಷವೂ ಬೇರೆ. ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪಿನಲ್ಲಿ ಮಾಡುತ್ತೇನೆ ಎಂದಾಗ ಅವರಲ್ಲೊಬ್ಬರು "ಇದರಾಗ ಏನ್ ಆಕ್ಕೈತ್ರಿ?" ಎಂದು ನಕ್ಕರು.

ನಗುವುದಕ್ಕೆ ಕಾರಣವಿತ್ತು. 2020ರ ಲಾಕ್‌ಡೌನ್ ಅವಸರದಲ್ಲಿ ನಾನೇ ರೌಟರಿನಲ್ಲಿ 3389 ಪೋರ್ಟನ್ನು, ಅಂದರೆ ವಿಂಡೋಸ್ ಯಂತ್ರವನ್ನು ದೂರದಿಂದ ನಡೆಸುವ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲನ್ನು, ನೇರವಾಗಿ ಹೊರಕ್ಕೆ ತೆರೆದಿದ್ದೆ. ಹೊರಗೆ ಕಾಣುವ ಪೋರ್ಟಿನ ಸಂಖ್ಯೆ ಬದಲಿಸಿದರೆ ಸಾಕೆಂದುಕೊಂಡಿದ್ದು ಇನ್ನೂ ದೊಡ್ಡ ತಪ್ಪು. ವಿಂಡೋಸಿನ ದಿನಚರಿಯಾದ ಈವೆಂಟ್ ಲಾಗಿನಲ್ಲಿ 4625, ಅಂದರೆ ವಿಫಲ ಲಾಗಿನ್, ದಿನಕ್ಕೆ ಸಾವಿರಗಟ್ಟಲೆ ಬೀಳುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ, ಯಾರೋ ಒಳನುಗ್ಗಿ ಲೆಕ್ಕದ ಯಂತ್ರದ ಕಡತಗಳೆಲ್ಲ ಹೆಸರು ಬದಲಾಗಿ, ತೆರೆಯಲಾರದಂತಾಗಿದ್ದವು. ಕೇಬಲ್ ಕಿತ್ತು ಬೀರುವಿನಲ್ಲಿಟ್ಟಿದ್ದ ಡಿಸ್ಕಿನಿಂದ ಟ್ಯಾಲಿ ತಂತ್ರಾಂಶದ ಲೆಕ್ಕ ಮರಳಿ ಬಂತು, ಆದರೂ ನಾಲ್ಕು ದಿನಗಳ ನಮೂದುಗಳನ್ನು ಮತ್ತೆ ಬರೆಯಿಸಬೇಕಾಯಿತು. ಅದಕ್ಕೆಲ್ಲ ಹದಿನೆಂಟು ಸಾವಿರ ರೂಪಾಯಿಯಷ್ಟು ಹೋಯಿತು. ಅದರಲ್ಲಿ ಸ್ವಲ್ಪ ನನ್ನ ಜೇಬಿನದೇ.

ಈ ಬಾರಿ ಹಳೆಯ ಡೆಸ್ಕ್‌ಟಾಪಿಗೆ ಒಂದು ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಮೇಲೆ ಯಂತ್ರಗಳ ನಡುವೆ ಗುಪ್ತ ಸುರಂಗ ತೋಡುವ ವೈರ್‌ಗಾರ್ಡ್ ಕೂರಿಸಿದೆ. ಬ್ರಾಡ್‌ಬ್ಯಾಂಡಿನವರು ಈ ಬಾರಿ ಕೊಟ್ಟಿದ್ದು ಹತ್ತಾರು ಗ್ರಾಹಕರು ಹಂಚಿಕೊಳ್ಳುವ ವಿಳಾಸವಾದ್ದರಿಂದ ಹೊರಗಿನಿಂದ ಒಳಬರುವ ದಾರಿಯೇ ಇರಲಿಲ್ಲ. ತಿಂಗಳಿಗೆ ಐನೂರರೊಳಗಿನ ಬಾಡಿಗೆ ಸರ್ವರನ್ನು ಅಂತರ್ಜಾಲದಲ್ಲಿ ಹಿಡಿದು, ಮನೆಯವರೂ ಅಲ್ಲಿಗೇ ಬಂದು ಸೇರುವಂತೆ, ಕಚೇರಿಯ ಯಂತ್ರವೇ ಅಲ್ಲಿಗೆ ಕರೆ ಮಾಡಿ 25 ಸೆಕೆಂಡಿಗೊಮ್ಮೆ ಸಂಪರ್ಕ ಜೀವಂತವಿಡುವಂತೆ ಮಾಡಿದೆ. ಹೀಗಾಗಿ ಕಚೇರಿಯಲ್ಲಿ ಈಗ ಹೊರಲೋಕಕ್ಕೆ ಒಂದು ಪೋರ್ಟೂ ತೆರೆದಿಲ್ಲ.

ಮೊದಲ ದಿನ ಸುರಂಗ ಎದ್ದಿತು, ಯಂತ್ರ ಮಾತ್ರ ಸಿಗಲಿಲ್ಲ: ಮನೆಯಲ್ಲೂ ಕಚೇರಿಯಲ್ಲೂ ಅದೇ 192.168.1 ಸಾಲಿನ ವಿಳಾಸಗಳಿದ್ದುದರಿಂದ ಮನೆಯ ಯಂತ್ರ ಕಚೇರಿಯದನ್ನು ತನ್ನ ಮನೆಯೊಳಗೇ ಹುಡುಕುತ್ತಿತ್ತು. ಒಂದು ಭಾನುವಾರವಿಡೀ ಕಚೇರಿಯ ವಿಳಾಸಗಳನ್ನೆಲ್ಲ ಬದಲಿಸಿದೆ. ಪ್ರಿಂಟರುಗಳೇ ಹೆಚ್ಚು ಕಾಡಿದವು. ಅನಂತರ ಬ್ಯಾಡಗಿಯ ಮೊಬೈಲ್ ನೆಟ್ಟಿನಲ್ಲಿ ಪಿಂಗ್, ಅಂದರೆ ಸಂಪರ್ಕ ಪರೀಕ್ಷಿಸುವ ಪುಟ್ಟ ಸಂದೇಶ, ಹೋಗುತ್ತಿತ್ತು, ಪರದೆ ಕಪ್ಪಾಗಿಯೇ ಉಳಿಯುತ್ತಿತ್ತು. ಎಂಟಿಯುವನ್ನು, ಅಂದರೆ ಒಮ್ಮೆಗೆ ಕಳಿಸುವ ಮಾಹಿತಿ ಕಟ್ಟಿನ ಗರಿಷ್ಠ ಗಾತ್ರವನ್ನು, 1420ರಿಂದ 1280ಕ್ಕೆ ಇಳಿಸಿದ ಮೇಲೆ ಚಿತ್ರ ಬಂತು. ಇದನ್ನು ಹಿಡಿಯಲು ನನಗೆ ಮೂರು ರಾತ್ರಿ ಬೇಕಾದವು.

ನಿಜವಾಗಿ ಹಣ ತಿಂದದ್ದು ವಿಂಡೋಸ್. ಹೋಮ್ ಆವೃತ್ತಿ ರಿಮೋಟ್ ಡೆಸ್ಕ್‌ಟಾಪನ್ನು ಒಳಬಿಡುವುದಿಲ್ಲವಾದ್ದರಿಂದ ನಾಲ್ಕು ಯಂತ್ರಗಳಿಗೆ ಪ್ರೊ ಪರವಾನಗಿ ಕೊಂಡೆವು. ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಯಿತು. ಆದರೂ ಎಲ್ಲ ಸೇರಿ ಪೆಟ್ಟಿಗೆಯ ಬೆಲೆ ಮುಟ್ಟಲಿಲ್ಲ ಎಂಬುದನ್ನು ನಕ್ಕವರಿಗೆ ತಿಳಿಸಿದ್ದೇನೆ.

ಒಬ್ಬೊಬ್ಬರಿಗೆ ಸುರಂಗದೊಳಗೆ ಬಿಡುವ ಗುಪ್ತ ಸಂಕೇತವಾದ ಒಂದೊಂದು ಕೀಲಿ ಕೊಟ್ಟು, ಆ ಕೀಲಿಯಿಂದ ಅವರವರ ಯಂತ್ರದ 3389 ಒಂದನ್ನೇ ಮುಟ್ಟಲು ಬಿಟ್ಟಿದ್ದೇನೆ. ಗುಮಾಸ್ತರೊಬ್ಬರು ತಮ್ಮ ಕೀಲಿಯ ಕಡತವನ್ನು ಅಳಿಯನ ಲ್ಯಾಪ್‌ಟಾಪಿಗೂ ಹಾಕಿಕೊಟ್ಟಿದ್ದು ಬೇಗನೆ ಗೊತ್ತಾಯಿತು: ಒಂದೇ ಕೀಲಿ ಎರಡು ಕಡೆ ಒಮ್ಮೆಗೇ ಚಾಲೂ ಇದ್ದರೆ ಸಂಪರ್ಕ ಅತ್ತಿಂದಿತ್ತ ಜಿಗಿಯುತ್ತಲೇ ಇರುತ್ತದೆ. ಆ ಜಿಗಿತ ಕಂಡೊಡನೆ ನನ್ನ ಫೋನಿಗೆ ಸುದ್ದಿ ಬರುವ ಏರ್ಪಾಡೂ ಇದೆ, ಆದರೆ ಅದನ್ನು ಇಲ್ಲಿ ಬಿಚ್ಚಿಡಲಾರೆ. ಅದು ನನ್ನ ಹೊಟ್ಟೆಪಾಡು.

ಕನ್ನಡ ಟೈಪಿಂಗ್ ಬೇರೆಯೇ ಪ್ರಯೋಗವಾಯಿತು. ನುಡಿ ತಂತ್ರಾಂಶ ಎರಡೂ ಕಡೆ ಚಾಲೂ ಇದ್ದಾಗ ಅಕ್ಷರಗಳು ಕಲಸಿಹೋಗುತ್ತಿದ್ದವು. ಕಚೇರಿಯ ಯಂತ್ರದಲ್ಲಷ್ಟೇ ಇಟ್ಟಮೇಲೆ ಸರಿಯಾಯಿತು. ರಾತ್ರಿ ಆರಿಸಿದ ಯಂತ್ರಗಳನ್ನು ಮನೆಯಿಂದ ಎಬ್ಬಿಸುವ ಸಂದೇಶ ಸುರಂಗ ದಾಟುವುದಿಲ್ಲವೆಂದು ತಿಳಿದು, ಆ ಕೆಲಸವನ್ನು ಹಳೆಯ ಡೆಸ್ಕ್‌ಟಾಪಿಗೇ ಒಪ್ಪಿಸಿದೆ. ಕರೆಂಟು ಹೋಗಿ ಬಂದಾಗ ಅದು ತಾನೇ ಏಳುವಂತೆ, ಯಂತ್ರ ಶುರುವಾಗುವಾಗಿನ ಮೂಲ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ಇಟ್ಟಿದ್ದೇನೆ. ಆದರೆ ರೌಟರಿನ ಯುಪಿಎಸ್ ಬ್ಯಾಟರಿ ಸತ್ತು ಎರಡು ತಿಂಗಳಾಯಿತು. ಮೆಣಸಿನಕಾಯಿ ಸುಗ್ಗಿಯೊಳಗೆ ಅದನ್ನು ಬದಲಿಸಬೇಕು, ಸಾಹುಕಾರರು ಇನ್ನೂ ಹೂಂ ಎಂದಿಲ್ಲ.